ಉದುರದ ಗಿಡಗಳ ಜಾಗ

ಆ ಬೇಸಗೆಯಲ್ಲಿ ಫ್ತೆಲಿಯಾ ಊರಿನಲ್ಲಿ ಒಂದೇ ಒಂದು ಮನೆಯ ಒಲೆ ಉರಿಯುತ್ತಿತ್ತು. ಉಳಿದ ಮನೆಗಳ ಬಾಗಿಲು, ಕಿಟಕಿ, ಹೆಂಚುಗಳನ್ನು ಊರವರೇ ಕಿತ್ತು, ಹೆದ್ದಾರಿ ಪಕ್ಕದ ಹೊಸ ಫ್ತೆಲಿಯಾಕ್ಕೆ ಹೊತ್ತುಕೊಂಡು ಹೋಗಿದ್ದರು. ನಿಂತ ಗೋಡೆಗಳನ್ನು ಕಲ್ಲಿದ್ದಲು ಕಂಪನಿಯ ಯಂತ್ರಗಳು ಉರುಳಿಸಿದ್ದವು. ಗಣಿಯ ಗುಂಡಿಯ ಅಂಚಿಗಿದ್ದ ತ್ರಯಾನೋಸನ ಮನೆ ಮಾತ್ರ ಉಳಿದಿತ್ತು. ಬದುಕಿರುವ ತನಕ ಅವನು ಅದನ್ನು ಬಿಟ್ಟುಕೊಡಲಿಲ್ಲ; ಅವನು ಸತ್ತಾಗ ಕಂಪನಿಗೆ ಅದು ಬೇಕಾಗಿರಲಿಲ್ಲ. ಅಷ್ಟು ಹೊತ್ತಿಗೆ ಕಲ್ಲಿದ್ದಲೇ ಮುಗಿದಿತ್ತು.

ಅವನ ಮಗಳು ಜಾಫಿರೋ ಈಗ ಅಲ್ಲಿ ಒಬ್ಬಳೇ ಇದ್ದಳು. ಅವಳು ಬಂದದ್ದು ಎಲೆಗಳಿಗಾಗಿ.

ಅಂಗಳ ದಾಟಿದರೆ ಗುಂಡಿ. ಆಚೆ ದಡದ ಲಾರಿ ಇರುವೆಯಷ್ಟು ಕಾಣುವ ಗುಂಡಿ. ಅದರ ಗೋಡೆಯಲ್ಲಿ, ಕಲ್ಲಿದ್ದಲ ಕಪ್ಪು ಪಟ್ಟೆಯ ಮೇಲೆ, ಬೂದು ಜೇಡಿಮಣ್ಣಿನ ಪದರಗಳಿದ್ದವು. ಮನುಷ್ಯ ಹುಟ್ಟುವ ಎಷ್ಟೋ ಮೊದಲು ಅಲ್ಲಿದ್ದ ಕೆರೆಯೊಂದರ ತಳ ಅದು. ಚಪ್ಪಟೆ ಚಾಕುವನ್ನು ಸಂದಿಗಿಟ್ಟು ಮೆಲ್ಲಗೆ ತಟ್ಟಿದರೆ ಮಣ್ಣು ಹಾಳೆ ಹಾಳೆಯಾಗಿ ತೆರೆದುಕೊಳ್ಳುತ್ತಿತ್ತು. ಒಳಗೆ ಜೇನಿನ ಬಣ್ಣದ ಎಲೆ, ನರ ನರವೂ ಎಣಿಸುವ ಹಾಗೆ. ಗಾಳಿ ತಾಗಿದ್ದೇ ಜೇನಿನ ಬಣ್ಣ ಕಪ್ಪಿಗೆ ತಿರುಗುತ್ತಿತ್ತು. ಆ ನಡುವಿನ ಚೂರು ಹೊತ್ತಿನಲ್ಲಿ ನೋಡಿದವಳು ಅವಳೊಬ್ಬಳೇ. ಆಮೇಲೆ ಒದ್ದೆ ಪತ್ರಿಕೆಯಲ್ಲಿ ಸುತ್ತಿ ಬುಟ್ಟಿಗಿಡುತ್ತಿದ್ದಳು.

ಥೆಸಲೋನಿಕಿಯ ವಿಶ್ವವಿದ್ಯಾಲಯದಲ್ಲಿ ಅವಳ ಕೆಲಸವೇ ಇದು. ಎಲೆಯಿಂದ ಮರ ಯಾವುದೆಂದು ಹೇಳುವುದು, ಮರಗಳಿಂದ ಕಾಡು ಹೇಗಿತ್ತೆಂದು ಹೇಳುವುದು. ಹಲ್ಲಂಚಿನ ಎಲೆ ಹೆಚ್ಚಿದ್ದರೆ ಚಳಿ ಬೀಳುತ್ತಿದ್ದ ಕಾಡು, ನುಣುಪಂಚಿನವು ಹೆಚ್ಚಿದ್ದರೆ ಬೆಚ್ಚನೆಯ ಕಾಡು. ಆ ಊರಿನ ಭಾಷೆಯಲ್ಲಿ ಎಲೆಗೂ ಫಿಲ್ಲೋ, ಸೊಪ್ಪು ತುಂಬಿ ಪೀತಾ ಬೇಯಿಸಲು ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಹಾಳೆಗೂ ಫಿಲ್ಲೋ. ಅವಳು ಓದಲು ಹೊರಟ ವರ್ಷ ಪಕ್ಕದ ಮನೆಯ ದೋಮ್ನಾ ಬೇಲಿಯ ಮೇಲಿಂದಲೇ ಕೂಗಿದ್ದಳು:

"ತ್ರಯಾನೋಸ್, ನಿನ್ನ ಮಗಳು ಫಿಲ್ಲೋ ಓದೋಕೆ ಥೆಸಲೋನಿಕಿಗೆ ಹೊರಟ್ಲಂತೆ? ನನ್ನ ಅಡುಗೆಮನೆಗೆ ಕಳಿಸಿದ್ರೆ ಒಂದು ಬೆಳಗಲ್ಲಿ ಕಲಿಸ್ಕೊಡ್ತಿದ್ನಲ್ಲೋ!"

"ನಿನ್ನ ಫಿಲ್ಲೋ ದಪ್ಪ ದೋಮ್ನಾ. ಅವಳಿಗೆ ತೆಳ್ಳಂದು ಬೇಕಂತೆ."

ದೋಮ್ನಾ ಈಗ ಹೊಸ ಊರಿನಲ್ಲಿದ್ದಳು. ಬೇಲಿಯೂ ಇರಲಿಲ್ಲ. ಉಳಿದದ್ದು ಪಂಪುಗಳ ಸದ್ದು. ಗುಂಡಿಗೆ ನೀರು ತುಂಬದ ಹಾಗೆ ಹಗಲಿರುಳೂ ಎತ್ತಿ ಹಾಕುತ್ತಿದ್ದ ಆ ಪಂಪುಗಳ ಗುಂಯ್‌ಗುಡುವಿಕೆಯಲ್ಲೇ ಜಾಫಿರೋ ಹುಟ್ಟಿದ್ದು, ಬೆಳೆದದ್ದು. ಬೇಸಗೆ ಮುಗಿಯುವಾಗ ಅವನ್ನು ನಿಲ್ಲಿಸುತ್ತಾರೆ. ಗುಂಡಿ ಕೆರೆಯಾಗುತ್ತದೆ. ದೋಣಿ ಬಿಡುತ್ತಾರೆ. ಎಲೆಗಳ ಗೋಡೆ ನೀರಿನಡಿ ಹೋಗುತ್ತದೆ. ನೆಲ ಅಗೆದು ತಿಂದವರು ತಾವು ಮಾಡಿದ ತೂತಿಗೆ ನೀರು ಬಿಟ್ಟು ಅದಕ್ಕೆ 'ಪುನರುಜ್ಜೀವನ' ಎಂದು ಹೆಸರಿಟ್ಟಿದ್ದರು.

ಆ ಹೆಸರಿನ ಜೊತೆಗೇ ಗುಂಡಿಯ ದಂಡೆಯಲ್ಲೊಂದು ನೆನಪಿನ ಭವನ ಎದ್ದಿತ್ತು. ಎರಡು ಕೋಣೆ. ಒಂದಕ್ಕೆ 'ನಮ್ಮ ಹಳ್ಳಿ', ಇನ್ನೊಂದಕ್ಕೆ 'ನಮ್ಮ ಕಾಡು'. ಕಾಡಿನ ಕೋಣೆಯ ಗೋಡೆಯಲ್ಲಿ, ಗಾಜಿನ ಪೆಟ್ಟಿಗೆಗಳ ಮೇಲಿಂದ ಸೂರಿನವರೆಗೆ, ಕೆರೆ ಸುತ್ತಲಿನ ಪುರಾತನ ಕಾಡನ್ನು ಬರೆಸಬೇಕು. ಅದರ ಅಡಿಯಲ್ಲಿ 'ಜಾಫಿರೋ ಅವರ ಸಂಶೋಧನೆಯಂತೆ' ಎಂದು ಕೆತ್ತಿಸಬೇಕೆಂದು ಕಂಪನಿ ಕೇಳಿತ್ತು. ಅವಳು ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ಗುಂಡಿಯ ಗೋಡೆ ಮುಳುಗಿದ ಮೇಲೆ ಆ ಕಾಡು ಇದ್ದ ಬಗ್ಗೆ ಜನ ನೋಡುವಂಥದ್ದು ಈ ಚಿತ್ರ ಒಂದೇ. ಅದರಲ್ಲಿ ಸುಳ್ಳು ಇರಬಾರದು.

ಚಿತ್ರ ಬರೆಯಲು ಬಂದವನು ಅರ್ಗಿರಿಸ್. ಚರ್ಚುಗಳ ಗೋಡೆಗೆ ಸಂತರನ್ನು ಬರೆದು ಬದುಕುವವನು. ಮರ ಬರೆದು ಅಭ್ಯಾಸವಿಲ್ಲ, ಹಾಗಾಗಿ ಅವನು ಮರಗಳನ್ನೂ ಸಂತರಂತೆಯೇ ನಿಲ್ಲಿಸಿದ. ಎಲ್ಲವೂ ನೋಡುವವನ ಕಡೆಗೇ ಮುಖ ಮಾಡಿಕೊಂಡು ಸಾಲಾಗಿ.

"ಮೇಡಂ, ಈ ಗಿಂಕೋ ಮರ ಎಲ್ಲಿ ನಿಲ್ಬೇಕು? ಬಲಗಡೆ ಜನ ಜಾಸ್ತಿ ಆಗ್ಬಿಟ್ರು."

"ಹಿಂದೆ, ಗುಡ್ಡದ ಮೇಲೆ. ಅದರ ಎಲೆ ಸಿಕ್ಕಿರೋದೇ ಅಪರೂಪ. ದೂರದಿಂದ ಗಾಳಿ ತಂದಿರ್ಬೇಕು."

"ಹಿಂದಿನ ಸಾಲಿನ ಸಂತ ಅನ್ನಿ. ಮುಖ ಚಿಕ್ಕದು ಮಾಡ್ತೀನಿ. ಗಡ್ಡ ಇದೆಯಾ?"

"ಇಲ್ಲ ಮಾಸ್ಟರೇ."

"ಒಳ್ಳೇದಾಯ್ತು. ಗಡ್ಡಕ್ಕೇ ನನ್ನ ಅರ್ಧ ಬಣ್ಣ ಖರ್ಚಾಗುತ್ತೆ."

ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. ನಕ್ಕ ಸದ್ದು ಖಾಲಿ ಕೋಣೆಯಲ್ಲಿ ತನ್ನದಲ್ಲವೆಂಬಂತೆ ಕೇಳಿಸಿತು.

ನೀರಿನಲ್ಲಿ ಕಾಲಿಟ್ಟು ನಿಂತ ಸೈಪ್ರಸ್, ದಡದ ಆಲ್ಡರ್, ಇಳಿಜಾರಿನ ಬೀಚ್ ಮತ್ತು ಓಕ್, ಹಿಂದೆ ಪುಟ್ಟ ಮುಖದ ಗಿಂಕೋ. ದಡದಿಂದ ತುಸು ಈಚೆಗೆ ಫ್ತೆಲಿಯಾ ಮರದ ಹತ್ತಿರದ ನೆಂಟ, ಹಲ್ಲಂಚಿನ ಚಿಕ್ಕೆಲೆಯದು. ಊರಿಗೆ ಹೆಸರು ಕೊಟ್ಟ ಫ್ತೆಲಿಯಾ ಮರಗಳು ರೋಗ ಬಂದು ಸತ್ತು ಎಷ್ಟೋ ಕಾಲವಾಗಿತ್ತು. ಅವುಗಳ ಅಜ್ಜನ ಅಜ್ಜ ಇಲ್ಲಿ ಗೋಡೆಯ ಮೇಲೆ ಎದ್ದು ನಿಂತಿತು. ಚಿತ್ರ ಮುಗಿಯುತ್ತ ಬಂತು. ಕೆಳಗೆ, ಮರಗಳ ಬುಡದಲ್ಲಿ, ಗೋಡೆಯುದ್ದಕ್ಕೂ ಒಂದು ಮೊಳ ಅಗಲದ ಜಾಗ ಉಳಿಯಿತು.

"ಇಲ್ಲಿ ಏನು ಮೇಡಂ? ನೆಲದ ಮೇಲೆ?"

"ಗೊತ್ತಿಲ್ಲ."

ಅರ್ಗಿರಿಸ್ ಕುಂಚ ಒರೆಸುವುದನ್ನು ನಿಲ್ಲಿಸಿದ. "ಗೊತ್ತಿಲ್ಲ ಅಂದ್ರೆ?"

"ಮರ ಎಲೆ ಉದುರಿಸುತ್ತೆ. ಉದುರಿದ್ದು ಕೆರೆಗೆ ಬೀಳುತ್ತೆ, ಕೆಸರು ಮುಚ್ಚುತ್ತೆ, ನನ್ನ ಕೈಗೆ ಬರುತ್ತೆ. ಹುಲ್ಲು, ಸಣ್ಣ ಗಿಡ, ಸೊಪ್ಪು ಸದೆ, ಅವು ಎಲೆ ಉದುರಿಸಲ್ಲ. ನಿಂತಲ್ಲೇ ಬಾಡಿ, ನಿಂತಲ್ಲೇ ಒಣಗಿ, ನಿಂತಲ್ಲೇ ಮಣ್ಣಾಗ್ತಾವೆ."

"ಹಾಗಾದ್ರೆ ಅವು ಇರ್ಲಿಲ್ಲ ಅಂತಲಾ?"

"ಇದ್ವು. ಹುಲ್ಲಿನ ಪರಾಗ ಸಿಕ್ಕಿದೆ. ಆದ್ರೆ ಯಾವ ಹುಲ್ಲು, ಎಷ್ಟೆತ್ತರ, ಯಾವ ಬಣ್ಣದ ಹೂ, ಅದು ಹೇಳಲ್ಲ. ಮುಖ ಗೊತ್ತಿಲ್ಲದ ಸಂತನ್ನ ನೀವು ಹೇಗೆ ಬರೀತೀರಿ?"

"ಪ್ರಭಾವಳಿ ಬರೆದು ಮುಖ ಖಾಲಿ ಬಿಡ್ತೀವಿ," ಎಂದ ಅವನು, ತಮಾಷೆ ಮಾಡದೆ.

"ಇಲ್ಲೂ ಖಾಲಿ ಬಿಡಿ."

ಕಂಪನಿಯ ಪರವಾಗಿ ಭವನದ ಉಸ್ತುವಾರಿ ನೋಡುತ್ತಿದ್ದವನು ಮಾನಿಕಾಸ್. ಒಳ್ಳೆಯ ಅಂಗಿ, ಒಳ್ಳೆಯ ನಗು. ಖಾಲಿ ಜಾಗ ನೋಡಿ ಅವನ ನಗು ಸ್ವಲ್ಪ ಸರಿಯಿತು.

"ಮೇಡಂ, ಇದು ಮುಗಿದಿಲ್ವಲ್ಲ?"

"ಮುಗಿದಿದೆ."

"ಕೆಳಗೆ ಸುಣ್ಣ ಕಾಣ್ತಿದೆ."

"ನಮಗೆ ಗೊತ್ತಿರೋದು ಅಲ್ಲಿಗೆ ಮುಗಿಯುತ್ತೆ."

"ನೋಡಿ, ಜನ ಕೆರೆ ನೋಡೋಕೆ ಬರ್ತಾರೆ, ಮಕ್ಕಳು ಬರ್ತಾರೆ. ಅವ್ರಿಗೆ ಹಸಿರು ಬೇಕು. ಒಂದಿಷ್ಟು ಜರೀಗಿಡ, ಒಂದಿಷ್ಟು ಹೂ. ಯಾರು ಬಂದು ಎಣಿಸ್ತಾರೆ? ಸಾಕ್ಷಿ ಹೇಳೋಕೆ ಯಾರೂ ಉಳಿದಿಲ್ಲ."

"ಅದಕ್ಕೇ ಬೇಡ ಅಂತಿರೋದು," ಎಂದಳು ಜಾಫಿರೋ.

ಮಾನಿಕಾಸನಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಅವನು ಪಕ್ಕದ ಕೋಣೆಗೆ ಹೋಗಿ, ತಾನೇ ಬರೆಸಿದ ಫಲಕವನ್ನು ಅವಳ ಕಣ್ಣಿನಿಂದ ಓದಬೇಕಿತ್ತು. 'ನಮ್ಮ ಹಳ್ಳಿ' ಕೋಣೆಯಲ್ಲಿ ಊರವರು ಕೊಟ್ಟ ಕಂಬಳಿಗಳಿದ್ದವು, ತಾಮ್ರದ ಹಂಡೆಗಳಿದ್ದವು, ಊರು ಬಿಡುವ ದಿನ ಚರ್ಚಿನ ಮುಂದೆ ಎಲ್ಲರೂ ಸೇರಿ ತೆಗೆಸಿಕೊಂಡ ದೊಡ್ಡ ಫೋಟೋ ಇತ್ತು. ಅದರಡಿ ಬರೆದಿತ್ತು: 'ಫ್ತೆಲಿಯಾದ ನಿವಾಸಿಗಳೆಲ್ಲರೂ ಒಮ್ಮತದಿಂದ ಹೊಸ ಊರಿಗೆ ತೆರಳಿದರು.'

ಎಲ್ಲರೂ. ಆ ದಿನ ತ್ರಯಾನೋಸ್ ತನ್ನ ಹೊಸ್ತಿಲ ಕಲ್ಲಿನ ಮೇಲೆ ಕೂತು ಬೀನ್ಸ್ ಸುಲಿಯುತ್ತಿದ್ದ. ಫೋಟೋಕ್ಕೆ ಕರೆಯಲು ಬಂದವರಿಗೆ, "ನಾನೆಲ್ಲಿಗೂ ಹೋಗ್ತಿಲ್ವಲ್ಲ, ನನ್ನ ಫೋಟೋ ಯಾಕ್ರೋ? ನೋಡ್ಬೇಕು ಅನ್ನಿಸಿದ್ರೆ ಬಂದು ನೋಡಿ, ಇಲ್ಲೇ ಇರ್ತೀನಿ," ಅಂದಿದ್ದ. ಹಾಗೆಯೇ ಇದ್ದ. ಕಂಪನಿ ಮೊದಲು ಬಸ್ಸು ನಿಲ್ಲಿಸಿತು. ಆಮೇಲೆ ನಲ್ಲಿ ನಿಲ್ಲಿಸಿತು. ಕೊನೆಗೆ, ದೇಶಕ್ಕೆಲ್ಲ ದೀಪ ಹಚ್ಚಿದ ಊರಿನ ಕಟ್ಟಕಡೆಯ ಮನೆಗೆ ಬರುತ್ತಿದ್ದ ಕರೆಂಟಿನ ತಂತಿ ಕತ್ತರಿಸಿತು. ಗುಂಡಿಯ ಧೂಳು ಅವನ ಅನ್ನದ ತಟ್ಟೆಗೆ ಬಿತ್ತು, ಎದೆಗೆ ಇಳಿಯಿತು. ಜಾಫಿರೋ ಬಂದಾಗಲೆಲ್ಲ ಕರೆದಳು, ಅವನು ಬರಲಿಲ್ಲ. ಒಂದು ಚಳಿಗಾಲ ಅದೇ ಹೊಸ್ತಿಲ ಮೇಲೆ ಕೂತವನು ಏಳಲಿಲ್ಲ. ಹೋದವರೆಲ್ಲರ ಗುರುತು ಕೋಣೆ ತುಂಬ ಇತ್ತು. ನಿಂತವನ ಗುರುತು ಎಲ್ಲೂ ಇರಲಿಲ್ಲ. ಅವನಿದ್ದ ಜಾಗದಲ್ಲಿ 'ಎಲ್ಲರೂ' ಎಂಬ ಒಂದು ಪದವನ್ನು ಹಸಿರು ಬಣ್ಣದ ಹಾಗೆ ಬಳಿದಿದ್ದರು.

ಆ ಫಲಕ ತಿದ್ದಿ ಎಂದು ಅವಳು ಕೇಳಿದ್ದಳು. "ಅದು ನಿಮ್ಮ ವಿಷಯ ಅಲ್ಲ ಮೇಡಂ, ನಿಮ್ಮದು ಕಾಡು," ಎಂದಿದ್ದ ಮಾನಿಕಾಸ್. ಸರಿ, ಹಾಗಾದರೆ ಕಾಡು. ಅವಳ ಕೈಯಲ್ಲಿ ಉಳಿದದ್ದು ಆ ಒಂದು ಮೊಳದ ಪಟ್ಟೆ.

ಪಂಪು ನಿಲ್ಲಿಸುವ ಮುನ್ನ ಕೊನೆಯ ಸಲ ಅವಳು ಗುಂಡಿಗಿಳಿದಳು. ಎಲೆಯ ಗೋಡೆಯಲ್ಲಿ ಬಗೆಯಬಹುದಾದದ್ದನ್ನೆಲ್ಲ ಬಗೆದಾಗಿತ್ತು. ಸುಮ್ಮನೆ ನಡೆದಳು. ಕಲ್ಲಿದ್ದಲ ಪಟ್ಟೆಗೂ ಕೆಳಗೆ, ಗುಂಡಿಯ ತಳದಲ್ಲಿ, ಮಾಸಲು ಬಿಳಿಯ ಜೇಡಿಮಣ್ಣು. ಅಲ್ಲಿ ಎಲೆ ಸಿಗುವುದಿಲ್ಲವೆಂದು ಯಾವತ್ತೂ ನಿಂತು ನೋಡಿದವಳಲ್ಲ. ಇಷ್ಟು ವರ್ಷ ಅದನ್ನು ತುಳಿದುಕೊಂಡೇ ಗೋಡೆಗೆ ಹೋಗುತ್ತಿದ್ದಳು. ಬೂಟಿಗೆ ಅಂಟಿದ ಮಣ್ಣು ಕೆರೆಯಲು ಬಗ್ಗಿದಾಗ ಕಂಡಿತು. ಯಂತ್ರ ಕಡಿದ ನುಣುಪು ಅಂಚಿನಲ್ಲಿ ಕಪ್ಪು ಗೆರೆಗಳು. ಕೂದಲಿನಷ್ಟು ತೆಳು. ಒಂದೂ ಅಡ್ಡ ಬಿದ್ದಿರಲಿಲ್ಲ. ಎಲ್ಲವೂ ಮೇಲಿಂದ ಕೆಳಗೆ, ಕವಲೊಡೆಯುತ್ತ, ಮಣ್ಣಿಗೆ ಇಳಿದಿದ್ದವು.

ಬೇರುಗಳು.

ಪುಸ್ತಕದಲ್ಲಿ ಓದಿದ್ದಳು, ವಿದ್ಯಾರ್ಥಿಗಳಿಗೆ ಹೇಳಿದ್ದಳು. ಆದರೂ ಅವಳು ಮಣ್ಣಿಗೆ ಮಂಡಿಯೂರಿದಳು. ಎಲೆ ಎಲ್ಲಿಂದಲೋ ತೇಲಿ ಬಂದಿರಬಹುದು, ಹಾರಿ ಬಂದಿರಬಹುದು. ಬೇರು ಹಾಗಲ್ಲ. ಇದು ಇಲ್ಲೇ ಇತ್ತು. ಏನೋ ಒಂದು ಗಿಡ, ಹೆಸರಿಲ್ಲ, ಎಲೆಯಿಲ್ಲ, ಹೂವಿನ ಬಣ್ಣ ತಿಳಿಯದು. ಇಲ್ಲೇ ನಿಂತಿತ್ತು, ಇಲ್ಲೇ ಸತ್ತಿತ್ತು. ಅವಳು ಸುತ್ತ ನೋಡಿದಳು. ಯಾರಿಗಾದರೂ ಕೂಗಿ ಹೇಳಬೇಕೆನಿಸಿತು. ದೂರದಲ್ಲಿ ಪಂಪುಗಳು ಗುಂಯ್‌ಗುಡುತ್ತಿದ್ದವು. ಮೇಲೆ, ಅಂಚಿನಲ್ಲಿ, ಮನೆಯ ಮಾಡಿನ ಒಂದು ಮೂಲೆ ಕಾಣುತ್ತಿತ್ತು. "ಅಪ್ಪಾ," ಎಂದಳು, ಅಷ್ಟೇನೂ ಜೋರಾಗಿ ಅಲ್ಲ.

ಬೇರಿದ್ದ ಮಣ್ಣಿನ ಗಟ್ಟಿಯೊಂದನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ ಅರ್ಗಿರಿಸನ ಮುಂದಿಟ್ಟಳು. ಅವನು ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. ಪಟ್ಟೆಗೆ ಮಾಸಲು ಬಿಳಿ ಬಳಿದ. ಅತಿ ಸಣ್ಣ ಕುಂಚದಿಂದ, ಸಂತರ ರೆಪ್ಪೆ ಬರೆಯುವ ಕುಂಚದಿಂದ, ಕಪ್ಪು ಗೆರೆಗಳನ್ನು ಒಂದೊಂದಾಗಿ ಕೆಳಗಿಳಿಸಿದ. ನೆಲದ ಮೇಲೆ ಏನೂ ಇಲ್ಲ. ನೆಲದೊಳಗೆ ಬೇರು.

"ಮುಖ ಇಲ್ಲ, ಪ್ರಭಾವಳಿ ಇದೆ," ಎಂದ ಕೈ ತೊಳೆಯುತ್ತ. ಮಾರನೆಯ ದಿನ ಇನ್ನೊಂದು ಊರಿನ ಚರ್ಚಿಗೆ ಹೊರಟುಹೋದ.

ಮಾನಿಕಾಸ್ ಬಂದು ನೋಡಿ ಹೌಹಾರಿದ. "ಉದ್ಘಾಟನೆಗೆ ಮೊದಲೇ ಗೋಡೆ ಬಿರುಕು ಬಿಟ್ಟಿದೆಯಲ್ಲ!"

"ಬಿರುಕಲ್ಲ. ಬೇರು."

"ನೋಡೋರಿಗೆ ಬಿರುಕೇ."

ಅವಳು ಮತ್ತೊಮ್ಮೆ ಎಲ್ಲ ವಿವರಿಸಿದಳು. ಅವನು ತಲೆಯಾಡಿಸಿದ. ತಲೆಯಾಡಿಸುವವರ ಬಗ್ಗೆ ಅವಳಪ್ಪ ಎಚ್ಚರ ಹೇಳಿದ್ದ. ಬಸ್ಸು ನಿಲ್ಲಿಸುವ ಮೊದಲೂ ಕಂಪನಿಯವರು ಹಾಗೆಯೇ ತಲೆಯಾಡಿಸಿದ್ದರಂತೆ.

ಉದ್ಘಾಟನೆಯ ಬೆಳಗ್ಗೆ ಹೊಸ ಫ್ತೆಲಿಯಾದಿಂದ ಬಸ್ಸು ಬಂತು. ಹಳೆಯ ಊರಿನವರು ಇಳಿದರು, ಹೆಚ್ಚಿನವರು ಕೋಲೂರಿದವರು. ಬಿದ್ದ ಗೋಡೆಗಳ ಕಡೆ ಯಾರೂ ನೋಡಲಿಲ್ಲ. ನೋಡದೇ ಇರುವುದಕ್ಕೆ ಎಲ್ಲರೂ ಕಷ್ಟಪಡುತ್ತಿದ್ದರು. ದೋಮ್ನಾ ಜಾಫಿರೋಳ ಗಲ್ಲ ಹಿಂಡಿ, "ಏನೇ ಹುಡುಗಿ, ಕಡ್ಡಿಯಾಗಿದೀಯಲ್ಲೇ. ಕಲ್ಲಿನ ಫಿಲ್ಲೋ ತಿಂದ್ರೆ ಇನ್ನೇನಾಗುತ್ತೆ!" ಎಂದಳು. ಎಲ್ಲರೂ ಒಳಗೆ ಹೋದರು.

ಮರಗಳ ಬುಡದಲ್ಲಿ ಹಸಿರೋ ಹಸಿರು. ಜರೀಗಿಡಗಳು, ನಡುನಡುವೆ ಹಳದಿ ಹೂ, ಮೂಲೆಯಲ್ಲೊಂದು ಅಣಬೆ. ನಿನ್ನೆ ಸಂಜೆ ಅಂಗಡಿ ಬೋರ್ಡು ಬರೆಯುವವನನ್ನು ಕರೆಸಿ ಮಾಡಿಸಿದ್ದು. ಅವನ ಏಣಿ ಇನ್ನೂ ಬಾಗಿಲ ಹಿಂದೆ ಇತ್ತು. ಅಡಿಯಲ್ಲಿ ಹಿತ್ತಾಳೆಯ ಫಲಕ: 'ಜಾಫಿರೋ ಅವರ ಸಂಶೋಧನೆಯಂತೆ.'

ಪಾದ್ರಿ ಪ್ರಾರ್ಥನೆ ಶುರು ಮಾಡಿದರು. ಕಾಮಕಸ್ತೂರಿಯ ಕಟ್ಟನ್ನು ತೀರ್ಥದ ಬಟ್ಟಲಲ್ಲಿ ಅದ್ದಿ ಪ್ರೋಕ್ಷಿಸುವುದರಲ್ಲಿ ಅವರ ಕೈ ಧಾರಾಳವೆಂದು ಊರಿಗೆಲ್ಲ ಗೊತ್ತು. ಮುಂದಿನ ಸಾಲಿನ ಹೆಂಗಸರು ಆಗಲೇ ಕನ್ನಡಕ ತೆಗೆದಿಟ್ಟುಕೊಂಡಿದ್ದರು. ಪಾದ್ರಿ ತೋಳೆತ್ತಿ ಬೀಸಿದರು. ನೀರು ಮಾನಿಕಾಸನ ಅಂಗಿಗೆ ಬಿತ್ತು, ಗೋಡೆಗೆ ಬಿತ್ತು. ಇನ್ನೊಮ್ಮೆ ಬೀಸಿದರು. ಬೋರ್ಡಿನವನು ಅವಸರಕ್ಕೆ ಶಾಲಾಮಕ್ಕಳ ನೀರು ಬಣ್ಣ ಬಳಿದಿದ್ದನೆಂಬುದು ಆಗ ಗೊತ್ತಾಯಿತು. ಜರೀಗಿಡವೊಂದು ಮೆಲ್ಲಗೆ ಕರಗಿ ಗಾಜಿನ ಪೆಟ್ಟಿಗೆಯ ಮೇಲೆ ಹನಿಯಿತು. ಅದು ಇದ್ದಲ್ಲಿ ಒಂದು ಕಪ್ಪು ಗೆರೆ.

"ಅಯ್ಯೋ, ಮೇಲಿರೋನಿಗೂ ಹಿಡಿಸ್ಲಿಲ್ಲ ಅನ್ಸುತ್ತೆ," ಎಂದಳು ದೋಮ್ನಾ. ನಗು ಎದ್ದಿತು. ಮಾನಿಕಾಸ್ ಎಲ್ಲರಿಗಿಂತ ಜೋರಾಗಿ ನಕ್ಕು, "ಬನ್ನಿ, ಬನ್ನಿ, ಹೊರಗೆ ಕಾಫಿ ಇದೆ, ತಿಂಡಿ ಇದೆ. ಪಂಪು ನಿಲ್ಲಿಸೋ ಸ್ವಿಚ್ಚು ಊರಿನ ಹಿರಿಯರೇ ಒತ್ತಬೇಕು!" ಎಂದು ಬಾಗಿಲ ಕಡೆ ಕೈ ತೋರಿದ.

ಜನ ಹೊರಟರು. ಜಾಫಿರೋ ಬಾಗಿಲ ಹಿಂದಿನ ಏಣಿ ತಂದು ಗೋಡೆಗಿಟ್ಟಳು. ತೀರ್ಥದ ಬಟ್ಟಲು ಮೇಜಿನ ಮೇಲಿತ್ತು. ಕತ್ತಿನ ಬಟ್ಟೆಯನ್ನು ಅದರಲ್ಲಿ ಅದ್ದಿ ಏಣಿ ಹತ್ತಿದಳು.

"ಮೇಡಂ, ಇಳೀರಿ. ದಯವಿಟ್ಟು. ಇವತ್ತು ಬೇಡ."

"ನನ್ನ ಹೆಸರು ಇದೆ ಕೆಳಗೆ."

"ಹೆಸರು ತೆಗೆಸ್ಬಿಡ್ತೀನಿ, ಸರೀನಾ?"

"ಹೆಸರು ಇರ್ಲಿ. ಹಸಿರು ಹೋಗ್ಲಿ."

"ಸುಂದರವಾಗಿದ್ದದ್ದನ್ನ ಹಾಳು ಮಾಡ್ತಿದೀರಿ. ನಿಮ್ಮಪ್ಪನ ಹಾಗೇ ನೀವೂ."

ಅವಳು ಒರೆಸುವುದನ್ನು ನಿಲ್ಲಿಸಿ ಅವನತ್ತ ತಿರುಗಿದಳು. "ನಮ್ಮಪ್ಪನಾ? ಅವನು ಯಾರು? ಪಕ್ಕದ ಕೋಣೆಯಲ್ಲಿ ಅಂಥವನು ಯಾರೂ ಇಲ್ವಲ್ಲ."

ಮಾನಿಕಾಸ್ ಬಾಗಿಲ ಕಡೆ ತಿರುಗಿದ. ಹೊರಗೆ ಅವನನ್ನು ಕರೆಯುತ್ತಿದ್ದರು. ಹೋಗುವಾಗ ಗೋಡೆಯ ಸ್ವಿಚ್ಚು ಒತ್ತಿ ದೀಪಗಳನ್ನು ಆರಿಸಿಹೋದ. ಕಿಟಕಿಯ ಬೆಳಕು ಸಾಕಾಗಿತ್ತು. ದೀಪವಿಲ್ಲದ ಮನೆಯಲ್ಲಿ ಇಡೀ ಬೇಸಗೆ ಕಳೆದವಳಿಗೆ ಅದೇನು ಹೊಸದಲ್ಲ.

ಏಣಿ ಅಲುಗಾಡುವುದು ನಿಂತಿತು. ಕೆಳಗೆ ನೋಡಿದರೆ ದೋಮ್ನಾ. ಕೋಲನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ಏಣಿ ಹಿಡಿದಿದ್ದಳು.

"ಇಲ್ಲಿ ಮೊದಲು ಏನಿತ್ತೇ?"

"ಗೊತ್ತಿಲ್ಲ ಚಿಕ್ಕಮ್ಮ."

"ಇಷ್ಟು ಓದಿ, ಗೊತ್ತಿಲ್ಲ ಅಂತ ಹೇಳೋಕೆ ಏಣಿ ಬೇರೆ ಹತ್ತಿದೀಯಾ!" ದೋಮ್ನಾ ಕತ್ತೆತ್ತಿ ಗೋಡೆ ನೋಡಿದಳು. "ಆ ಕಪ್ಪು ಗೆರೆ ಏನು?"

"ಬೇರು. ಎಲೆ ಉದುರಿಸದ ಗಿಡಗಳದ್ದು. ನಿಂತಲ್ಲೇ ಒಣಗಿದವು."

"ತುರುಚೆ ಥರ."

"ತುರುಚೆ ಥರ ಇರಬಹುದು. ಗೊತ್ತಿಲ್ಲ."

"ನಿಮ್ಮಪ್ಪ ಚಳಿಗಾಲ ಕಳೆದ ಮೇಲೆ ಮೊದಲ ತುರುಚೆ ಸೊಪ್ಪು ತಂದ್ಕೊಡ್ತಿದ್ದ. ಮುಟ್ಟಿದ್ರೆ ಉರಿಯೋದನ್ನ ಬರಿಗೈಲಿ ಕಿತ್ಕೊಂಡು ಬರ್ತಿದ್ದ, ಕತ್ತೆ." ಅವಳ ದನಿ ತಗ್ಗಿತು. "ಆ ಕೋಣೇಲಿ 'ಎಲ್ಲರೂ' ಅಂತ ಬರ್ಸಿದಾರೆ. ಆ ಮಾನಿಕಾಸ್ ನನ್ನನ್ನ ಕೇಳ್ದ, ಸರಿಯಾಗಿದೆಯಾ ಅಜ್ಜಿ ಅಂತ. ಕನ್ನಡಕ ತಂದಿಲ್ಲ ಮಗಾ ಅಂದೆ."

ಕನ್ನಡಕ ಅವಳ ಎದೆಯ ಮೇಲೆ ದಾರದಲ್ಲಿ ತೂಗುತ್ತಿತ್ತು. ಜಾಫಿರೋ ಒರೆಸುತ್ತಲೇ ಇದ್ದಳು. ಬಟ್ಟೆಯಿಂದ ಹಸಿರು ನೀರು ಅವಳ ಮುಂಗೈಗುಂಟ ತೋಳಿಗಿಳಿಯಿತು. ಮೂಲೆಯ ಅಣಬೆ ಹೋಯಿತು.

ಹೊರಗೆ ಚಪ್ಪಾಳೆ ಕೇಳಿತು. ಆಮೇಲೆ ಗುಂಯ್‌ಗುಡುವಿಕೆ ನಿಂತಿತು.

ಇಬ್ಬರೂ ತಲೆಯೆತ್ತಿದರು. ಜಾಫಿರೋಳಿಗೆ, ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು ಕಿವಿಯಿಂದ ಕಿತ್ತುಹೋದ ಹಾಗಾಯಿತು. ಗುಂಡಿಯ ತಳದ ಬಿಳಿ ಮಣ್ಣಿಗೆ ಈಗ ನೀರು ಜಿನುಗುತ್ತಿರಬೇಕು. ಬಸ್ಸಿನ ಹಾರ್ನ್ ಕೂಗಿತು, ಮತ್ತೆ ಕೂಗಿತು.

"ಹೋಗ್ಬೇಕು ಕಣೇ. ಬಸ್ಸು ತಪ್ಪಿದ್ರೆ ಈ ಕಾಲು ನನ್ನ ಮನೆ ಮುಟ್ಸಲ್ಲ. ಬರ್ತೀಯಾ? ಪೀತಾ ಇದೆ."

"ಇನ್ನೂ ಅರ್ಧ ಇದೆ ಚಿಕ್ಕಮ್ಮ."

"ಗಟ್ಟಿಯಾಗಿ ಹಿಡ್ಕೋ," ಎಂದು ದೋಮ್ನಾ ಏಣಿಯಿಂದ ಕೈ ತೆಗೆದಳು.

ಏಣಿ ಒಮ್ಮೆ ನಡುಗಿತು. ಜಾಫಿರೋ ಎಡಗೈಯಿಂದ ಗೋಡೆಗೆ ಆನಿಕೊಂಡಳು. ಕೋಲಿನ ಸದ್ದು ದೂರವಾಯಿತು, ಬಸ್ಸು ದೂರವಾಯಿತು. ಹೂವಿನ ಹಳದಿ ಮಾತ್ರ ಎಣ್ಣೆ ಬಣ್ಣ, ನೀರಿಗೆ ಬಿಡುತ್ತಿರಲಿಲ್ಲ. ಅವಳು ಜೇಬಿನಿಂದ ಚಪ್ಪಟೆ ಚಾಕು ತೆಗೆದಳು. ಅಡಿಯ ಗೆರೆ ಕೆರೆದುಹೋಗದ ಹಾಗೆ, ಎಲೆ ಬಿಡಿಸುವಾಗಿನಂತೆ ಚಾಕುವನ್ನು ಓರೆಯಾಗಿಟ್ಟು, ಕೆರೆಯತೊಡಗಿದಳು. ಇಡೀ ಫ್ತೆಲಿಯಾದಲ್ಲಿ ಈಗ ಕೇಳುತ್ತಿದ್ದುದು ಆ ಸದ್ದೊಂದೇ.